ನಕ್ಷೆಯಲ್ಲಿ ಬಿಟ್ಟುಹೋದ ಸೀಮೆ: ಕಲಬುರಗಿ, ಬೀದರ್, ಯಾದಗಿರಿಯ ಗಿಡ, ಹಕ್ಕಿ, ಹುಳುಗಳ ದಾಖಲೆಯ ಕಥೆ

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ತೊಗರಿ ಸಾಲಿನ ಪಕ್ಕ ಕೂತು ಉಣ್ಣುತ್ತೇವೆ. ನಮ್ಮವ್ವ ಮಾತ್ರ ಬೇಗ ಕೂರುವುದಿಲ್ಲ. ಬಿಳಿಜೋಳದ ಸಾಲಿನಲ್ಲಿ ಬಗ್ಗಿ ಹಕ್ಕರಕಿ ಪಲ್ಯ ಹುಡುಕುತ್ತಿರುತ್ತಾಳೆ. ಒಂದು ಬದುವಿನ ಮೇಲೆ ನಡೆದರೆ ಹತ್ತು ಹನ್ನೆರಡು ಗಿಡಗಳ ಹೆಸರು ಹೇಳುತ್ತಾಳೆ. ಇದು ದನ ತಿನ್ನುತ್ತವೆ, ಇದು ಮುಟ್ಟುವುದಿಲ್ಲ, ಇದರ ರಸ ಗಾಯಕ್ಕೆ ಹಚ್ಚುತ್ತಿದ್ದೆವು ಅನ್ನುತ್ತಾಳೆ.

ಆಮೇಲೆ ಯಾವತ್ತೋ ಒಂದು ದಿನ ಪೇಪರಿನಲ್ಲಿ ‘ಜಿಲ್ಲೆಯಲ್ಲಿ ಇದೇ ಮೊದಲ ಬಾರಿಗೆ ಕಂಡ ಗಿಡ’ ಎಂದು ಓದುತ್ತೇನೆ. ಆಗ ನನಗೆ ಏಳುವ ಪ್ರಶ್ನೆ ಒಂದೇ. ಮೊದಲ ಬಾರಿ ಕಂಡಿದ್ದು ಯಾರಿಗೆ?

ಇಂಥ ಸುದ್ದಿಗಳಲ್ಲಿ ಎರಡು ಮಾತು ಬೆರೆತುಹೋಗುತ್ತವೆ. ಹೊಸ ಪ್ರಭೇದ ಅಂದರೆ ಜಗತ್ತಿನ ಯಾವ ಪುಸ್ತಕದಲ್ಲೂ ಹೆಸರಿಲ್ಲದ ಜೀವಿ. ಹೊಸ ದಾಖಲೆ ಅಂದರೆ ಬೇರೆ ಕಡೆ ಅದಕ್ಕೆ ಹೆಸರಿದೆ, ಈ ಜಿಲ್ಲೆಯಿಂದ ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ. ಬರೆದಿಡುವುದಕ್ಕೂ ಒಂದು ಕ್ರಮವಿದೆ. ಗಿಡವಾದರೆ ಹೂ, ಕಾಯಿ ಸಮೇತ ಕೊಂಬೆ ತೆಗೆದು, ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ, ಇಡಬೇಕು. ಹಾಳೆಯ ಮೂಲೆಯ ಚೀಟಿಯಲ್ಲಿ ಊರು, ತಾರೀಖು, ತೆಗೆದವರ ಹೆಸರು ಇರಬೇಕು. ನೂರು ವರ್ಷ ಆದ ಮೇಲೂ ಯಾರಾದರೂ ಆ ಹಾಳೆ ತೆಗೆದು, ಹೆಸರು ಸರಿಯೋ ತಪ್ಪೋ ಎಂದು ಮತ್ತೆ ನೋಡಬಹುದು. ಚೀಟಿಯಿಲ್ಲದ ಗಿಡ ವಿಜ್ಞಾನದ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಇಷ್ಟು ವರ್ಷ ನಮ್ಮ ಕಡೆ ಯಾಕೆ ಬರೆದಿಡಲಿಲ್ಲ? ಇದಕ್ಕೆ ಉತ್ತರ ಹಳೆಯ ರಾಜ್ಯಗಳ ಗಡಿಯಲ್ಲಿದೆ.

ಜೋಸೆಫ್ ಹೂಕರ್ 1872ರಿಂದ 1897ರವರೆಗೆ ಬ್ರಿಟಿಷ್ ಇಂಡಿಯಾದ ಸಸ್ಯಗಳನ್ನೆಲ್ಲ 7 ಸಂಪುಟಗಳಲ್ಲಿ ಬರೆದರು. ಅಷ್ಟು ದೊಡ್ಡ ದೇಶವನ್ನು ಹಿಡಿದಿಡುವಾಗ ಎಷ್ಟೋ ಗಿಡಗಳ ಊರು ‘ದಖ್ಖನ್’ ಅನ್ನುವ ಒಂದು ಮಾತಿನಲ್ಲಿ ಮುಗಿದುಹೋಯಿತು. ಆಮೇಲೆ ಒಂದೊಂದು ಪ್ರಾಂತ್ಯಕ್ಕೂ ಬೇರೆ ಪುಸ್ತಕ ಬಂತು. ಬಾಂಬೆ ಪ್ರೆಸಿಡೆನ್ಸಿಯ ಸಸ್ಯಗಳ ಪುಸ್ತಕವನ್ನು ಥಿಯೋಡರ್ ಕುಕ್ 1901ರಿಂದ 1908ರ ನಡುವೆ ತಂದರು. ಮದ್ರಾಸ್ ಪ್ರೆಸಿಡೆನ್ಸಿಯ ಪುಸ್ತಕವನ್ನು ಜೆ.ಎಸ್. ಗ್ಯಾಂಬಲ್ 1915ರಲ್ಲಿ ಶುರು ಮಾಡಿದರು. ಅವರು ತೀರಿಕೊಂಡ ಮೇಲೆ ಸಿ.ಇ.ಸಿ. ಫಿಶರ್ 1936ರಲ್ಲಿ ಮುಗಿಸಿದರು. ಇವತ್ತಿಗೂ ದಕ್ಷಿಣ ಭಾರತದಲ್ಲಿ ಗಿಡ ಗುರುತಿಸುವವರು ಮೊದಲು ಬಿಚ್ಚುವುದು ಈ ಎರಡು ಪುಸ್ತಕಗಳನ್ನೇ.

ಈಗ ನಕ್ಷೆ ನೆನಪಿಸಿಕೊಳ್ಳಿ. ವಿಜಯಪುರ ಬಾಂಬೆಗೆ ಸೇರಿತ್ತು. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ನಡುವಿನ ಗುಲಬರ್ಗಾ (ಈಗಿನ ಕಲಬುರಗಿ), ಬೀದರ್, ರಾಯಚೂರು ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಪ್ರೆಸಿಡೆನ್ಸಿ ಮುಗಿದ ಕಡೆ ಪುಸ್ತಕವೂ ಮುಗಿಯಿತು. ಭೀಮಾ ನದಿಯ ಆ ದಂಡೆ ಇಂಡಿ, ಈ ದಂಡೆ ಅಫಜಲಪುರ. ಮಣ್ಣು ಒಂದೇ, ಮಳೆ ಒಂದೇ. ಆದರೆ ಆ ದಂಡೆಯ ಸೀಮೆಗೆ ಪುಸ್ತಕವಿತ್ತು, ಈ ದಂಡೆಯದಕ್ಕೆ ಇರಲಿಲ್ಲ. ಗಾಳಿಗೆ ಹಾರುವ ಬೀಜಕ್ಕೆ ನಿಜಾಮರ ಗಡಿ ಗೊತ್ತಿರುತ್ತದೆಯೇ?

ಹಕ್ಕಿಗಳ ವಿಷಯದಲ್ಲಿ ನಮ್ಮ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ಸಲೀಂ ಅಲಿಯವರು ಸಂಸ್ಥಾನಗಳ ಹಕ್ಕಿ ಸಮೀಕ್ಷೆ ಶುರು ಮಾಡಿದ್ದೇ ಹೈದರಾಬಾದ್ ರಾಜ್ಯದಿಂದ, 1931–32ರಲ್ಲಿ. ಅದರ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಆದರೆ ರಾಜ್ಯದ ವಿಸ್ತಾರ 2 ಲಕ್ಷ ಚದರ ಕಿಲೋಮೀಟರಿಗಿಂತ ಜಾಸ್ತಿ. ಒಂದೇ ಸುತ್ತಿನ ಓಡಾಟದಲ್ಲಿ ಎಲ್ಲ ಹಳ್ಳ, ಎಲ್ಲ ಗುಡ್ಡ ಮುಟ್ಟುವುದು ಆಗದ ಮಾತು. ಅವರೇ 1939–40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆಯನ್ನೂ ಮಾಡಿದರು. ಹೀಗೆ ಕನ್ನಡ ನಾಡಿನ ಹಕ್ಕಿಗಳು ಎರಡು ಬೇರೆ ರಾಜ್ಯಗಳ ಪಟ್ಟಿಯಲ್ಲಿ ಹಂಚಿಹೋದವು.

1956ರಲ್ಲಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಪುಸ್ತಕಗಳು ತಕ್ಷಣ ಬರಲಿಲ್ಲ. ಸಸ್ಯಗಳನ್ನು ನೋಡುವವರ ಕಣ್ಣು ಸಹಜವಾಗಿ ಪಶ್ಚಿಮ ಘಟ್ಟದ ಕಡೆಗಿತ್ತು. ಅಲ್ಲಿ ಹಸಿರು ಜಾಸ್ತಿ, ಪ್ರಭೇದಗಳೂ ಜಾಸ್ತಿ. ಅದನ್ನು ತಪ್ಪು ಅನ್ನುವಂತಿಲ್ಲ. ಸೆಸಿಲ್ ಸಲ್ಡಾನಾ ಅವರು ಹಾಸನ ಜಿಲ್ಲೆಯ ಸಸ್ಯಗಳ ಪುಸ್ತಕವನ್ನು 1976ರಲ್ಲಿ, ಇಡೀ ಕರ್ನಾಟಕದ ಸಸ್ಯಗಳ ಮೊದಲ ಸಂಪುಟವನ್ನು 1984ರಲ್ಲಿ, ಎರಡನೆಯದನ್ನು 1996ರಲ್ಲಿ ತಂದರು. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾಗಿದ್ದು 1980ರಲ್ಲಿ. ಅಲ್ಲಿನ ಸಸ್ಯಶಾಸ್ತ್ರಜ್ಞರು ಊರೂರು ತಿರುಗಿ, ಗಿಡ ಒಣಗಿಸಿ, ಜಿಲ್ಲೆಯ ಸಸ್ಯಗಳದೇ ಪುಸ್ತಕ ತಂದಿದ್ದು 2000ರಲ್ಲಿ. ಆಗ ಯಾದಗಿರಿ ಬೇರೆ ಜಿಲ್ಲೆ ಆಗಿರಲಿಲ್ಲ. ಕುಕ್ ಅವರ ಪುಸ್ತಕ ಮುಗಿದು 92 ವರ್ಷ ಆಗಿತ್ತು. ನನಗೆ ಈ ಅಂತರ ನೆನೆದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಆ 92 ವರ್ಷದಲ್ಲಿ ನಮ್ಮ ಹುಲ್ಲುಗಾವಲು ಎಷ್ಟು ಹೊಲವಾಯಿತು, ಎಷ್ಟು ಹಳ್ಳ ಬತ್ತಿತು!

‘ಬಿಸಿಲುನಾಡಲ್ಲಿ ಏನಿರುತ್ತದೆ ಬಿಡ್ರಿ’ ಅನ್ನುವ ಮಾತು ನಮ್ಮವರ ಬಾಯಲ್ಲೇ ಕೇಳಿದ್ದೇನೆ. ನೆಲವನ್ನು ನೋಡಿದರೆ ಹಾಗೆ ಅನ್ನಲು ಆಗುವುದಿಲ್ಲ. ಬೀದರ್ ನಿಂತಿರುವುದು ಕೆಂಪು ಮುರಕಲ್ಲಿನ ದಿಬ್ಬದ ಮೇಲೆ. ಅದರ ಕೆಳಗೆ, ಸುತ್ತಲೂ ಹರಡಿದ್ದು ಜ್ವಾಲಾಮುಖಿಯ ಕಪ್ಪು ಕಲ್ಲಿನಿಂದ ಆದ ಎರೆಮಣ್ಣು. ಸೇಡಂ, ಶಹಾಬಾದ್, ವಾಡಿ ಕಡೆ ಸುಣ್ಣದ ಕಲ್ಲು. ಸುರಪುರಕ್ಕೆ ಹೋದರೆ ದೊಡ್ಡ ದೊಡ್ಡ ಗುಂಡುಗಲ್ಲಿನ ಬೆಟ್ಟಗಳು. ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿ ನಾಲ್ಕು ಬಗೆಯ ನೆಲ. ಎರೆಯಲ್ಲಿ ಬೇಸಿಗೆಗೆ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಮಳೆಗೆ ಕೆಸರಾಗುತ್ತದೆ. ಮುರಕಲ್ಲಿನ ಮೇಲೆ ಮಣ್ಣು ತೆಳು, ನೀರು ನಿಲ್ಲುವುದು ಕೆಲವೇ ವಾರ. ಒಂದರಲ್ಲಿ ಬದುಕುವ ಸಣ್ಣ ಗಿಡ ಇನ್ನೊಂದರಲ್ಲಿ ಬದುಕುವುದು ಕಷ್ಟ. ಇಲ್ಲಿನ ಎಷ್ಟೋ ಗಿಡಗಳು ಮಳೆ ಬಿದ್ದು ಒಂದೆರಡು ತಿಂಗಳಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಮಾಯವಾಗುತ್ತವೆ. ಜನವರಿಯಲ್ಲಿ ಬಂದು ನೋಡಿದವರಿಗೆ ಅವು ಸಿಗುವುದೇ ಇಲ್ಲ.

ಚಿಂಚೋಳಿ, ಕೊಂಚಾವರಂ ಕಡೆ ಹೋದರೆ ಒಳ್ಳೆಯ ಒಣ ಎಲೆಯುದುರುವ ಕಾಡೇ ಇದೆ. ಕಾಡಿನೊಳಗೆ, ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ಸುಮಾರು 135 ಚದರ ಕಿಲೋಮೀಟರಿನ ಈ ಕಾಡು ವನ್ಯಜೀವಿ ಧಾಮ ಆಗಿದ್ದು 2011ರಲ್ಲಿ. ತೋಳ, ಕತ್ತೆಕಿರುಬ, ನಾಲ್ಕು ಕೊಂಬಿನ ಕೊಂಡುಕುರಿ ಅಲ್ಲಿ ಮೊದಲಿಂದಲೂ ಇದ್ದವು. ತಾಂಡಾದವರಿಗೆ ಗೊತ್ತಿತ್ತು. ಹೊರಗಿನವರ ಪಟ್ಟಿಗೆ ಸೇರಲು ಇಷ್ಟು ತಡವಾಯಿತು.

ಇಷ್ಟು ಹೇಳಿದ ಮೇಲೆ, ಹೊಸದಾಗಿ ಕಂಡದ್ದೆಲ್ಲ ಹಳೆಯದೇ ಅಂತಲೂ ಅಂದುಕೊಳ್ಳಬಾರದು. ಕೆಲವು ನಿಜವಾಗಿಯೂ ಬಂದು ಸೇರಿದವು. ಬಳ್ಳಾರಿ ಜಾಲಿ ಅಮೆರಿಕ ಖಂಡದ್ದು. ಅದರ ಬೀಜ ಭಾರತಕ್ಕೆ ಬಂದಿದ್ದು 1877ರಲ್ಲಿ. ಕಾಂಗ್ರೆಸ್ ಹುಲ್ಲು 1956ರಲ್ಲಿ ಪುಣೆಯಿಂದ ವರದಿಯಾಯಿತು. ಹೊರದೇಶದ ಗೋಧಿಯ ಜೊತೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ಆಮೇಲೆ ಹಳೆಯ ಕಾಗದ ತಿರುವಿದಾಗ 1814ರಲ್ಲಿ ಅಚ್ಚಾದ ಕಲ್ಕತ್ತಾ ಸಸ್ಯೋದ್ಯಾನದ ಪಟ್ಟಿಯಲ್ಲೇ ಇದರ ಹೆಸರು ಸಿಕ್ಕಿತು. ಒಂದು ಹಳೆಯ ಪಟ್ಟಿ ಒಂದು ಗಿಡದ ಕಥೆಯನ್ನು 140 ವರ್ಷ ಹಿಂದಕ್ಕೆ ಎಳೆಯಿತು. ಅದೇ ಹುಲ್ಲನ್ನು ತಿನ್ನಲಿ ಎಂದು ಮೆಕ್ಸಿಕೊದಿಂದ ಒಂದು ಪಟ್ಟೆ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಆ ದುಂಬಿ ಈಗ ಯಾವ ಊರಿನಲ್ಲಿ ಕಂಡರೂ ಎಲ್ಲಿಂದ, ಎಷ್ಟು ವರ್ಷದಲ್ಲಿ ಬಂತು ಎಂದು ಲೆಕ್ಕ ಹಾಕಬಹುದು. ಬಿಟ್ಟ ವರ್ಷ ಗೊತ್ತು, ಬಿಟ್ಟ ಊರು ಗೊತ್ತು.

ಒಂದು ಹುಳುವಿನ ವಿಷಯದಲ್ಲಂತೂ ಈ ಲೆಕ್ಕ ರೈತನ ಮನೆಯವರೆಗೂ ಬಂತು. ಫಾಲ್ ಸೈನಿಕ ಹುಳು ಅಮೆರಿಕದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ರಾಜ್ಯದಲ್ಲೇ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಹೊಲದಲ್ಲಿ ಕೀಡಿ ಕಂಡರೆ ನಾವು ಸುಮ್ನೆ ‘ಕೀಡಿ ಬಿದ್ದಿದೆ’ ಅನ್ನುತ್ತೇವೆ ಅಲ್ವಾ? ಅಲ್ಲಿನ ವಿಜ್ಞಾನಿಗಳು ಅಲ್ಲಿಗೆ ಬಿಡಲಿಲ್ಲ. ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಗೆರೆ, ಹಿಂಬದಿಯಲ್ಲಿ ಚೌಕವಾಗಿ ನಾಲ್ಕು ಚುಕ್ಕೆ ನೋಡಿ ಇದು ನಮ್ಮ ಹಳೆಯ ಸೈನಿಕ ಹುಳು ಅಲ್ಲ ಎಂದು ಗುರುತಿಸಿದರು. ಅದೇ ವರ್ಷ ಎಚ್ಚರಿಕೆ ಹೊರಬಿತ್ತು. ಈ ಹುಳು ಜೋಳಕ್ಕೂ ಬೀಳುತ್ತದೆ. ಜೋಳದ ರೊಟ್ಟಿ ತಿನ್ನುವ ನಮಗೆ ಅದು ದೂರದ ಸುದ್ದಿಯಲ್ಲ.

ತಪ್ಪು ದಾಖಲೆ ಎಷ್ಟು ಕೆಡಿಸುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಗೂಬೆಯ ಕಥೆ ಹೇಳಲೇಬೇಕು. ಫಾರೆಸ್ಟ್ ಔಲೆಟ್ ಎಂಬ ಈ ಗೂಬೆ 1884ರ ನಂತರ ಕಾಣೆಯಾಗಿತ್ತು. ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಇಂಗ್ಲಿಷ್ ಅಧಿಕಾರಿ 1914ರಲ್ಲಿ ಗುಜರಾತಿನಲ್ಲಿ ಒಂದನ್ನು ಹಿಡಿದೆ ಎಂದು ಚೀಟಿ ಬರೆದಿದ್ದ. ಆ ಚೀಟಿ ನಂಬಿದವರು ತಪ್ಪು ಜಾಗದಲ್ಲಿ ಹುಡುಕಿದರು. ಆ ಹಕ್ಕಿ ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಕದ್ದದ್ದು, ಚೀಟಿ ಸುಳ್ಳು ಎಂದು ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಪತ್ತೆ ಹಚ್ಚಿದರು. 1997ರಲ್ಲಿ ಅವರ ತಂಡ ನಿಜವಾದ ಹಳೆಯ ಚೀಟಿಗಳನ್ನು ಹಿಡಿದು ಹೊರಟಿತು. ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಸಿಕ್ಕಿತು. ನೂರು ವರ್ಷ ಹಳೆಯ ಕಾಗದದ ತುಂಡು ಹಕ್ಕಿಯ ಮನೆಗೆ ದಾರಿ ತೋರಿಸಿತು.

ಈಗ ಫೋಟೊ ತೆಗೆಯುವ ಫೋನ್ ಎಲ್ಲರ ಕೈಯಲ್ಲಿದೆ. ಇ-ಬರ್ಡ್, ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಲ್ಲಿ ಯಾರು ಬೇಕಾದರೂ ಜಾಗ, ತಾರೀಖು ಸಮೇತ ಹಾಕಬಹುದು. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಇಂಥ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಓದಿದರೆ ಸಾಕು, ಅದು ಹೊರಟ ಊರು ತಿಳಿಯುತ್ತದೆ. ಆದರೆ ಫೋಟೊ ಹಾಕುವವರು ಜಾಸ್ತಿ ಇರುವುದು ದೊಡ್ಡ ಊರುಗಳಲ್ಲಿ. ನಮ್ಮ ಹಳ್ಳಿಗಳ ಕಡೆ ನಕ್ಷೆ ಇನ್ನೂ ಬಿಳಿಯಾಗಿಯೇ ಇದೆ.

ನನಗೆ ಜಾಸ್ತಿ ಕಾಡುವುದು ಇದರ ಇನ್ನೊಂದು ಮುಖ. ಹಳೆಯ ಪಟ್ಟಿ ಇಲ್ಲದ ಸೀಮೆಯಲ್ಲಿ ಏನು ಬಂತು ಎಂದು ಹೇಳುವುದು ಕಷ್ಟ. ಏನು ಹೋಯಿತು ಎಂದು ಹೇಳುವುದು ಇನ್ನೂ ಕಷ್ಟ. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಹೆಸರೇ ಹೇಳುವಂತೆ ಎರೆ ಸೀಮೆಯ ಹಕ್ಕಿ. ಕಲಬುರಗಿಗೆ ಅಂಟಿಕೊಂಡ ಸೊಲ್ಲಾಪುರ ಜಿಲ್ಲೆಯ ನಾನಜ್‌ನಲ್ಲಿ ಅದಕ್ಕಾಗಿಯೇ 1979ರಲ್ಲಿ ಅಭಯಾರಣ್ಯ ಮಾಡಿದರು. ಈಗ ಕರ್ನಾಟಕದಲ್ಲಿ ಅದು ಉಳಿದಿರುವುದು ಸಿರುಗುಪ್ಪದ ಕಡೆ, ಬೆರಳೆಣಿಕೆಯಷ್ಟು. ಇಂಥ ಹಕ್ಕಿಗಳ, ಚಿಗರಿಗಳ, ತೋಳಗಳ ಹುಲ್ಲುಗಾವಲು ಸರ್ಕಾರದ ನಕ್ಷೆಯಲ್ಲಿ ‘ಬಂಜರು ಭೂಮಿ’ ಎಂದು ಬರುತ್ತದೆ. ಬಂಜರು ಅಂದ ಮೇಲೆ ಅಲ್ಲಿ ಏನಿದೆ ಎಂದು ಯಾರು ಕೇಳುತ್ತಾರೆ?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನ ಬೆಳೆ, ಗಿಡ, ಪ್ರಾಣಿ, ಹಕ್ಕಿಗಳ ಹೆಸರನ್ನು ಊರಿನವರ ಬಾಯಿಂದಲೇ ಕೇಳಿ ಬರೆಯುವ ಪುಸ್ತಕ ಅದು. ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಬರೆಯಲೂ ಅದರಲ್ಲಿ ಜಾಗವಿದೆ. ಕುರಿ ಕಾಯುವವರು, ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳು, ತಾಂಡಾದ ಹಿರಿಯರು ಕೂತು ಹೇಳಿದರೆ ಮಾತ್ರ ಅದು ತುಂಬುತ್ತದೆ. ಕಚೇರಿಯಲ್ಲಿ ಕೂತು, ಪಕ್ಕದೂರಿನ ಪಟ್ಟಿ ನೋಡಿ ತುಂಬಿದರೆ ಮತ್ತೊಂದು ಸುಳ್ಳು ಚೀಟಿ ಆಗುತ್ತದೆ.

ಹೋದ ಎಳ್ಳ ಅಮಾವಾಸ್ಯೆಗೆ ನಾನೂ ಒಂದು ನೋಟ್‌ಬುಕ್ ಒಯ್ದಿದ್ದೆ. ಅವ್ವ ಹೇಳಿದ ಹೆಸರುಗಳನ್ನೆಲ್ಲ ಬರೆದುಕೊಂಡೆ, ಪಕ್ಕದಲ್ಲಿ ತಾರೀಖು, ಹೊಲದ ಹೆಸರು ಹಾಕಿದೆ. ಕೊನೆಗೆ, ‘ನೀನು ಸಣ್ಣವಳಿದ್ದಾಗ ಇದ್ದು ಈಗ ಕಾಣದ ಪಲ್ಯ ಯಾವುದಾದರೂ ಇದೆಯಾ ಅವ್ವಾ’ ಎಂದು ಕೇಳಿದೆ. ಸ್ವಲ್ಪ ಹೊತ್ತು ಬದುವಿನ ಕಡೆ ನೋಡಿ ಎರಡು ಹೆಸರು ಹೇಳಿದಳು. ಆ ಎರಡೂ ಗಿಡ ನಾನು ಕಂಡಿಲ್ಲ. ಎಲೆ ಹೇಗಿತ್ತು ಎಂದು ಕೇಳಿದರೆ ಕೈಯಲ್ಲಿ ಆಕಾರ ಮಾಡಿ ತೋರಿಸಿದಳು. ನೋಟ್‌ಬುಕ್ಕಿನಲ್ಲಿ ಆ ಆಕಾರ ಬರೆದುಕೊಂಡಿದ್ದೇನೆ.