ಕಾಡಿನ ನಡುವೆ ಹಡಗು ಬಂದು ನಿಂತದ್ದು ಹೇಗೆ?

ಪ್ರಶ್ನೆ: ಪಪುವಾ ನ್ಯೂಗಿನಿಯ ಬುಲೊಲೊ ಎಂಬ ಊರಿನ ಫೋಟೊ ನೋಡಿದೆ. ಗಿಡಗಂಟಿಗಳ ನಡುವೆ ಹಡಗಿನಂಥ ಒಂದು ಭಾರೀ ಕಬ್ಬಿಣದ ಗೂಡು ತುಕ್ಕು ಹಿಡಿದು ನಿಂತಿದೆ. ನದಿಯಿಂದ ಚಿನ್ನ ತೆಗೆಯುತ್ತಿದ್ದ ಕಂಪನಿಯದಂತೆ. ಸುತ್ತಲೂ ಬೆಟ್ಟ, ಅಲ್ಲಿನ ನದಿಯೂ ಹಡಗು ತೇಲಿಸುವಂಥದ್ದಲ್ಲ. ಇದು ಅಲ್ಲಿಗೆ ಹೋದದ್ದಾದರೂ ಹೇಗೆ?

ಉತ್ತರ: ವಿಮಾನದಲ್ಲಿ ಹೋಯಿತು. ತಮಾಷೆಯಲ್ಲ. ಸಾವಿರ ಟನ್ನಿಗೂ ಹೆಚ್ಚು ತೂಗುವ ಆ ಯಂತ್ರವನ್ನು ಬಿಡಿಬಿಡಿಯಾಗಿ ವಿಮಾನಕ್ಕೆ ತುಂಬಿ, ಬೆಟ್ಟ ದಾಟಿಸಿ, ಕಣಿವೆಯಲ್ಲಿ ಇಳಿಸಿ, ಬೋಲ್ಟ್ ಬಿಗಿದು ನಿಲ್ಲಿಸಿದರು. ಒಂದಲ್ಲ, ಹೀಗೆ ಎಂಟು.

ಮೊದಲು ಚಿನ್ನದ ಮಾತು. ನಮಗೆ ಚಿನ್ನದ ಗಣಿ ಎಂದರೆ ಕೋಲಾರ: ಬಂಡೆಯೊಳಗಿನ ಅದಿರು, ಮೂರು ಕಿಲೋಮೀಟರಿಗೂ ಆಳದ ಸುರಂಗ. ನದಿಯ ಚಿನ್ನ ಬೇರೆ ಜಾತಿಯದು. ಬೆಟ್ಟದ ಬಂಡೆ ಮಳೆಗೆ ಸವೆದಾಗ ಅದರೊಳಗಿನ ಚಿನ್ನದ ಕಣ ಹೊಳೆಗೆ ಬೀಳುತ್ತದೆ. ಮರಳಿಗಿಂತ ಏಳು ಪಟ್ಟು ಭಾರವಾದ್ದರಿಂದ ನೀರಿನ ಸೆಳೆತ ತಗ್ಗಿದಲ್ಲೆಲ್ಲ ಅದು ತಳ ಹಿಡಿಯುತ್ತದೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದ ಜಲಗಾರರು ಬದುಕಿದ್ದು ಈ ಒಂದು ತತ್ವದ ಮೇಲೆಯೇ. ಮರಿಗೆಯಲ್ಲಿ ಮರಳು ಹಾಕಿ, ನೀರು ಕೂಡಿಸಿ ಕುಲುಕಿದರೆ ಹಗುರವಾದದ್ದು ಹೊರಗೆ ಹೋಗುತ್ತದೆ, ಭಾರವಾದದ್ದು ಒಳಗೆ ಉಳಿಯುತ್ತದೆ. ನೀವು ನೋಡಿದ ಕಬ್ಬಿಣದ ಗೂಡು ಮಾಡುತ್ತಿದ್ದುದೂ ಇದನ್ನೇ. ಅದು ಹಗಲೂ ರಾತ್ರಿ ಕುಲುಕುತ್ತಿದ್ದ ಒಂದು ದೈತ್ಯ ಮರಿಗೆ.

ಬುಲೊಲೊ ನದಿ ಇರುವುದು ನ್ಯೂಗಿನಿ ದ್ವೀಪದ ಮೊರೊಬೆ ಪ್ರಾಂತ್ಯದಲ್ಲಿ. ಮೊದಲ ಮಹಾಯುದ್ಧದ ತನಕ ಅದು ಜರ್ಮನ್ ವಸಾಹತು. ಆಮೇಲೆ ರಾಷ್ಟ್ರಸಂಘದ ಹೆಸರಿನಲ್ಲಿ ಆಸ್ಟ್ರೇಲಿಯಾದ ಆಡಳಿತಕ್ಕೆ ಬಂತು. 1920ರ ದಶಕದ ಮೊದಲಲ್ಲಿ ಅಲ್ಲಿನ ಕೊರಂಗ ಹಳ್ಳದಲ್ಲಿ ಚಿನ್ನ ಕಂಡಿತು, 1926ರಲ್ಲಿ ಇನ್ನೂ ಮೇಲಿನ ಈಡಿ ಹಳ್ಳದಲ್ಲಿ ದೊಡ್ಡ ನಿಕ್ಷೇಪವೇ ಸಿಕ್ಕಿತು. ಬಿಳಿಯರು ಸಲಮಾವ ಎಂಬ ಕರಾವಳಿಯ ಊರಿನಲ್ಲಿ ಇಳಿದು ಬೆಟ್ಟ ಹತ್ತಿದರು. ಹತ್ತಿದರು ಎನ್ನುವುದಕ್ಕಿಂತ, ಅವರ ಸಾಮಾನನ್ನು ಹೊತ್ತು ಸ್ಥಳೀಯ ಕೂಲಿಗಳು ಹತ್ತಿದರು ಎಂದರೆ ಸರಿ. ಸುಮಾರು ಎಂಟು ದಿನದ ಕಾಲುದಾರಿ, ಜಾರು ಮಣ್ಣು, ಜ್ವರ. ಒಬ್ಬ ಹೊರುವುದು ಇಪ್ಪತ್ತು ಚಿಲ್ಲರೆ ಕಿಲೋ, ಅದರಲ್ಲಿ ಒಂದು ಪಾಲು ದಾರಿಯಲ್ಲಿ ಅವನಿಗೇ ಬೇಕಾದ ಅಕ್ಕಿ. ಹೀಗೆ ಸಾಗಿಸಿದರೆ ಸಲಿಕೆ, ಬಾಣಲೆ ತಲುಪಬಹುದು, ಯಂತ್ರವಲ್ಲ.

ಇಲ್ಲಿ ಸೆಸಿಲ್ ಲೆವಿಯನ್ ಬರುತ್ತಾನೆ. ಮೊರೊಬೆಯಲ್ಲಿ ಜಿಲ್ಲಾಧಿಕಾರಿಯಾಗಿದ್ದವನು, ಚಿನ್ನದ ಸುದ್ದಿ ಕೇಳಿ ಹುದ್ದೆ ಬಿಟ್ಟ. ಎಲ್ಲರೂ ಮೇಲಿನ ಹಳ್ಳಗಳಿಗೆ ಮುಗಿಬಿದ್ದಾಗ ಇವನು ಕೆಳಗಿನ ಬಯಲನ್ನು ನೋಡಿದ. ಹಳ್ಳಗಳು ಕೊಚ್ಚಿ ತಂದದ್ದೆಲ್ಲ ಕಣಿವೆ ಅಗಲವಾಗುವಲ್ಲಿ ತಂಗಿರಲೇಬೇಕು, ಆದರೆ ಜಲ್ಲಿಯ ಅಷ್ಟು ದೊಡ್ಡ ರಾಶಿಯನ್ನು ಕೈಯಿಂದ ತೊಳೆದು ಪೂರೈಸದು ಎಂಬುದು ಅವನ ಲೆಕ್ಕ. ಅದಕ್ಕೆ ಡ್ರೆಜ್ (ನೀರಿನಲ್ಲಿ ತೇಲುತ್ತಾ ಜಲ್ಲಿ ಅಗೆದು ತೊಳೆಯುವ ಯಂತ್ರ, ನೀವು ನೋಡಿದ ಕಬ್ಬಿಣದ ಗೂಡು ಅದೇ) ಬೇಕು, ಡ್ರೆಜ್ ತರಲು ದಾರಿ ಬೇಕು. ದಾರಿ ಇಲ್ಲದಿದ್ದರೆ ವಿಮಾನ ಎಂದ. 1927ರ ಏಪ್ರಿಲಿನಲ್ಲಿ ಮಸ್ಟರ್ ಎಂಬ ಪೈಲಟ್ ಒಂದು ಹಳೆಯ ಸಣ್ಣ ವಿಮಾನವನ್ನು ಕರಾವಳಿಯ ಲೇ ಎಂಬಲ್ಲಿಂದ ಚಿನ್ನದ ಹಳ್ಳಗಳ ಬಳಿಯ ವಾವ್ ಎಂಬಲ್ಲಿಗೆ ಹಾರಿಸಿದ. ಎಂಟು ದಿನದ ದಾರಿ ಒಂದು ಗಂಟೆಯೊಳಗೆ ಮುಗಿಯಿತು. ಆ ಸಾಗಣೆಗೆಂದೇ ಹುಟ್ಟಿದ್ದು ಗಿನಿ ಏರ್‌ವೇಸ್. (ಅಮೆರಿಕದ ಹೆಸರಾಂತ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ 1937ರಲ್ಲಿ ಕೊನೆಯ ಬಾರಿಗೆ ಹಾರಿ ಕಣ್ಮರೆಯಾದದ್ದು ಲೇ ಊರಿನ ಇದೇ ನಿಲ್ದಾಣದಿಂದ.)

ಲೆವಿಯನ್ನನ ಕನಸಿಗೆ ದುಡ್ಡು ಸುರಿದದ್ದು ಕೆನಡಾದ ವ್ಯಾಂಕೂವರಿನಲ್ಲಿ ನೋಂದಣಿಯಾದ ಪ್ಲೇಸರ್ ಡೆವಲಪ್‌ಮೆಂಟ್ ಎಂಬ ಕಂಪನಿ. ಬಯಲಿನಲ್ಲಿ ರಂಧ್ರ ಕೊರೆದು, ಜಲ್ಲಿ ಎತ್ತಿ, ಚಿನ್ನ ತೂಗಿ ನೋಡಿದ ಮೇಲೆ 1930ರಲ್ಲಿ ಬುಲೊಲೊ ಗೋಲ್ಡ್ ಡ್ರೆಜಿಂಗ್ ಲಿಮಿಟೆಡ್ ಸ್ಥಾಪನೆಯಾಯಿತು.

ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಮುಂದಿನ ಭಾಗ. ಜರ್ಮನಿಯಿಂದ ಜಂಕರ್ಸ್ ಜಿ-31 ಎಂಬ ಮೂರು ಎಂಜಿನ್ನಿನ ವಿಮಾನಗಳನ್ನು ತರಿಸಿದರು. ಮೈಯೆಲ್ಲ ಸುಕ್ಕುಸುಕ್ಕಾದ ಲೋಹದ ತಗಡು, ನಮ್ಮ ಗೋದಾಮುಗಳ ಚಾವಣಿಯ ಶೀಟಿನಂತೆ. ಅದರ ಬೆನ್ನಿನಲ್ಲಿ ದೊಡ್ಡ ಬಾಗಿಲು ತೆರೆದು, ಕ್ರೇನಿನಿಂದ ಸಾಮಾನನ್ನು ಮೇಲಿನಿಂದ ಹೊಟ್ಟೆಯೊಳಕ್ಕೆ ಇಳಿಸುವ ಏರ್ಪಾಡು ಮಾಡಿದರು. ಒಮ್ಮೆಗೆ ಹೊರುವುದು ಸುಮಾರು ಮೂರು ಟನ್. ಹಾಗಾಗಿ ಡ್ರೆಜ್‌ನ ಯಾವ ಭಾಗವೂ ಅದಕ್ಕಿಂತ ಭಾರವಾಗಿರುವಂತಿಲ್ಲ, ಆ ಬಾಗಿಲಿಗಿಂತ ದೊಡ್ಡದಾಗಿರುವಂತಿಲ್ಲ. ಜಲ್ಲಿ ಎತ್ತುವ ಬಕೆಟ್‌ಗಳ ಸರಪಳಿಯನ್ನು ತಿರುಗಿಸುವ ದಪ್ಪ ಉಕ್ಕಿನ ಅಚ್ಚುಗಳೇ ಎಲ್ಲಕ್ಕಿಂತ ತಲೆನೋವು ತಂದವು. ಚಿನ್ನ ತೆಗೆಯುವ ಯಂತ್ರದ ನಕ್ಷೆ ಬರೆಯುವವನು ನದಿಯನ್ನಲ್ಲ, ವಿಮಾನದ ಬಾಗಿಲನ್ನು ನೋಡಿಕೊಂಡು ಗೆರೆ ಎಳೆಯಬೇಕಾಯಿತು. ಲೇಯಿಂದ ಬುಲೊಲೊಗೆ ನೇರ ಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರ್ ಕೂಡ ಆಗದು. ಬೆಳಿಗ್ಗೆ ಮೋಡ ಮುಚ್ಚುವ ಮೊದಲು ಹೋಗಿ ಬರಬೇಕು, ಮತ್ತೆ ತುಂಬಬೇಕು. 1930ರ ದಶಕದಲ್ಲಿ ಈ ಪುಟ್ಟ ಕಣಿವೆಗೆ ಹೋದಷ್ಟು ಸರಕು ಜಗತ್ತಿನ ಬೇರಾವ ಕಡೆಗೂ ವಿಮಾನದಲ್ಲಿ ಹೋಗಲಿಲ್ಲ ಎಂದು ವಿಮಾನಯಾನದ ಇತಿಹಾಸ ಬರೆದವರು ಹೇಳುವುದುಂಟು.

ಮೊದಲ ಡ್ರೆಜ್ ಕೆಲಸ ಶುರುಮಾಡಿದ್ದು 1932ರ ಮಾರ್ಚಿನಲ್ಲಿ. ಲೆವಿಯನ್ ಅದನ್ನು ನೋಡಲಿಲ್ಲ. ಎರಡು ತಿಂಗಳ ಮೊದಲು ಮೆಲ್ಬರ್ನಿನಲ್ಲಿ ತೀರಿಕೊಂಡಿದ್ದ. ಅವನ ಚಿತಾಭಸ್ಮವನ್ನು ಬುಲೊಲೊ ಕಣಿವೆಯ ಮೇಲೆ ವಿಮಾನದಿಂದ ಚೆಲ್ಲಿದರು.

ಇನ್ನು ನಿಮ್ಮ ಪ್ರಶ್ನೆಯ ಉಳಿದರ್ಧ: ನದಿಯಿಂದ ದೂರ, ಒಣನೆಲದಲ್ಲಿ ಹಡಗೇಕೆ? ಡ್ರೆಜ್‌ಗೆ ನದಿಯ ಹರಿವು ಬೇಕಿಲ್ಲ, ಹೊಂಡ ಸಾಕು. ನದಿ ಒಂದು ಕಾಲಕ್ಕೆ ಹರಿದು ಬಿಟ್ಟ ಬಯಲೆಲ್ಲ ಜಲ್ಲಿಯೇ. ಅಲ್ಲೊಂದು ಹೊಂಡ ತೋಡಿ, ನೀರು ತುಂಬಿಸಿ, ಡ್ರೆಜ್ ತೇಲಿಸುತ್ತಾರೆ. ಮುಂಭಾಗದ ಬಕೆಟ್ ಸರಪಳಿ ಹೊಂಡದ ದಂಡೆಯನ್ನು ಕೆರೆದು ಜಲ್ಲಿಯನ್ನು ಮೇಲಕ್ಕೆತ್ತುತ್ತದೆ. ಒಳಗೆ ಉರುಳುವ ಕೊಳವೆಯಾಕಾರದ ಜರಡಿ ಇದೆ. ಅದರ ತೂತುಗಳಿಂದ ಸಣ್ಣ ಮರಳೂ ಚಿನ್ನವೂ ಕೆಳಗಿನ ಅಡ್ಡಪಟ್ಟಿಯ ತೊಟ್ಟಿಗಳಿಗೆ ಬೀಳುತ್ತವೆ. ನೀರು ಮರಳನ್ನು ಒಯ್ಯುತ್ತದೆ, ಪಟ್ಟಿಗಳ ನಡುವೆ ತಂಗಿದ ಚಿನ್ನವನ್ನು ಪಾದರಸ ಹಿಡಿದುಕೊಳ್ಳುತ್ತದೆ. ದಪ್ಪ ಕಲ್ಲುಗಳು ಹಿಂಭಾಗದ ಉದ್ದ ಪಟ್ಟಿಯೇರಿ ಹೋಗಿ ಹಿಂದೆ ರಾಶಿ ಬೀಳುತ್ತವೆ. ಮುಂದೆ ಅಗೆತ, ಹಿಂದೆ ಭರ್ತಿ. ಹೀಗೆ ಹೊಂಡವೇ ಹಡಗಿನೊಂದಿಗೆ ಬಯಲಿನಲ್ಲಿ ನಡೆಯುತ್ತದೆ! ಕೆಲಸ ನಿಂತ ಜಾಗದಲ್ಲಿ ಹಡಗೂ ನಿಂತಿತು, ನೀರು ಇಂಗಿತು, ಗಿಡ ಬೆಳೆಯಿತು. ನೀವು ನೋಡಿದ ಫೋಟೊ ಅದು.

ಇದಕ್ಕೆಲ್ಲ ಶಕ್ತಿ ವಿದ್ಯುತ್ತಿನದು. ಕೋಲಾರಕ್ಕೆ 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದ ಹಾಗೆ, ಇಲ್ಲಿ ಬಯೂನೆ ನದಿಯಲ್ಲಿ ಕಂಪನಿ ತನ್ನದೇ ಜಲವಿದ್ಯುತ್ ಘಟಕ ಕಟ್ಟಿತು. ಅದರ ಯಂತ್ರಗಳೂ ವಿಮಾನದಲ್ಲೇ ಬಂದವು.

ಲಾಭ ಹೇಗೆ? ಒಂದು ಘನ ಗಜ ಜಲ್ಲಿ ತೊಳೆದರೆ ಒಂದು ಗ್ರಾಂ ಚಿನ್ನವೂ ಸಿಗುತ್ತಿರಲಿಲ್ಲ. ಆದರೆ ತೊಳೆದದ್ದು ಕೋಟಿಗಟ್ಟಲೆ ಘನ ಗಜ. ಜೊತೆಗೆ ಅದೃಷ್ಟವೂ ಕೈಹಿಡಿಯಿತು. 1934ರಲ್ಲಿ ಅಮೆರಿಕ ಸರ್ಕಾರ ಚಿನ್ನದ ಬೆಲೆಯನ್ನು ಔನ್ಸಿಗೆ 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಜಗತ್ತು ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ ಬುಲೊಲೊ ಮೇಲಿಂದ ಮೇಲೆ ಡ್ರೆಜ್ ಕೂಡಿಸುತ್ತಿತ್ತು, ಎಂಟನೆಯದು ಬಂದದ್ದು 1939ರಲ್ಲಿ. ಕರಾರಿನ ಮೇಲೆ ದುಡಿಯಲು ಬಂದ ಸ್ಥಳೀಯ ಕೂಲಿಗೆ ಆ ಕಾಲದಲ್ಲಿ ಸಿಗುತ್ತಿದ್ದುದು ತಿಂಗಳಿಗೆ ಐದರಿಂದ ಹತ್ತು ಶಿಲಿಂಗ್ ಮತ್ತು ಊಟ. ಕಂಪನಿಯ ಸಾಹಸವನ್ನು ಕೊಂಡಾಡುವ ಬರಹಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

1942ರ ಜನವರಿ 21ರಂದು ಜಪಾನಿನ ವಿಮಾನಗಳು ಬಂದವು. ಬುಲೊಲೊ ನಿಲ್ದಾಣದಲ್ಲಿ ನಿಂತಿದ್ದ ಮೂರು ಜಂಕರ್ಸ್‌ಗಳು ನಿಂತಲ್ಲೇ ಸುಟ್ಟುಹೋದವು. ಅದೇ ವರ್ಷ ಶತ್ರು ಬಂದೇ ಬಿಟ್ಟ ಎಂದುಕೊಂಡು ಆಸ್ಟ್ರೇಲಿಯಾದ ಪಡೆಯೇ ಊರಿಗೆ ಬೆಂಕಿಯಿಟ್ಟಿತು. ಯುದ್ಧ ಮುಗಿದ ಮೇಲೆ ಡ್ರೆಜ್‌ಗಳನ್ನು ಮತ್ತೆ ತೇಲಿಸಿದರು. ಆದರೆ ಬೆಲೆ ಅದೇ 35 ಡಾಲರಿಗೆ ಅಂಟಿಕೊಂಡಿತ್ತು, ಖರ್ಚು ಏರುತ್ತಿತ್ತು, ಒಳ್ಳೆಯ ಜಲ್ಲಿ ಮುಗಿಯುತ್ತಾ ಬಂದಿತ್ತು. ಒಂದೊಂದಾಗಿ ನಿಲ್ಲುತ್ತಾ 1965ರಲ್ಲಿ ಎಲ್ಲವೂ ಮುಗಿಯಿತು. ಒಟ್ಟು ತೆಗೆದದ್ದು 20 ಲಕ್ಷ ಔನ್ಸಿಗೂ ಹೆಚ್ಚು, ಅಂದರೆ 60 ಟನ್ನಿನ ಮೇಲೆ.

ಕಂಪನಿ ಬುದ್ಧಿವಂತಿಕೆಯಿಂದ ಮೊದಲೇ ಕಾಡಿನತ್ತ ತಿರುಗಿತ್ತು. 1950ರ ದಶಕದಲ್ಲಿ ಆಸ್ಟ್ರೇಲಿಯಾ ಸರ್ಕಾರದ ಜೊತೆ ಸೇರಿ ಬುಲೊಲೊದಲ್ಲಿ ಪ್ಲೈವುಡ್ ಕಾರ್ಖಾನೆ ಹಾಕಿತು. ಊರು ಉಳಿದದ್ದು ಅದರಿಂದ. ತಾಯಿ ಕಂಪನಿ 1987ರಲ್ಲಿ ಬೇರೆ ಎರಡರೊಂದಿಗೆ ಕೂಡಿ ಪ್ಲೇಸರ್ ಡೋಮ್ ಆಯಿತು, 2006ರಲ್ಲಿ ಬ್ಯಾರಿಕ್ ಗೋಲ್ಡ್ ಅದನ್ನು ಕೊಂಡುಕೊಂಡಿತು.

ಕೆಲವು ಡ್ರೆಜ್‌ಗಳು ಮಾತ್ರ ಅಲ್ಲೇ ಉಳಿದವು. ಅವು ಹಿಂದೆ ಬಿಟ್ಟುಹೋದ ಕಲ್ಲುರಾಶಿಗಳ ಪಕ್ಕದಲ್ಲಿ, ವಾವ್ ಮತ್ತು ಬುಲೊಲೊ ಸುತ್ತಿನ ಹಳ್ಳಿಯವರು ಇವತ್ತಿಗೂ ಬಾಣಲೆ, ಮರದ ತೊಟ್ಟಿ ಹಿಡಿದು ಹೊಳೆಗಿಳಿಯುತ್ತಾರೆ. ಮರಳು, ನೀರು, ಒಂದು ಕುಲುಕು. ತಳದಲ್ಲಿ ಒಂದೆರಡು ಕಣ ಹೊಳೆದರೆ ಆ ದಿನದ ಪೇಟೆ ಖರ್ಚು ಹುಟ್ಟಿತು.