ಪ್ರೈಡ್ ಮೆರವಣಿಗೆಯಲ್ಲಿ ಪೊಲೀಸರು: ಟೊರಾಂಟೊ ಪ್ರಕರಣ ಇಟ್ಟುಕೊಂಡು ಓದೋಣ

ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆಯಲ್ಲಿ ಪೊಲೀಸರು ಇರಬೇಕಾ, ಬೇಡವಾ? ಇದರ ಬಗ್ಗೆ ಬರೆಯಲು ಹೊರಟವರು ಗಮನಿಸಿ: ಈ ಚರ್ಚೆಯಲ್ಲಿ ಎರಡು ಸಂಗತಿ ಕಲಸಿಹೋಗುತ್ತವೆ. ಬಂದೋಬಸ್ತ್‌ಗೆ ನಿಲ್ಲುವುದು ಒಂದು. ಯೂನಿಫಾರ್ಮ್ ತೊಟ್ಟು, ಇಲಾಖೆಯ ಪರವಾಗಿ ಮೆರವಣಿಗೆಯಲ್ಲೇ ನಡೆಯುವುದು ಇನ್ನೊಂದು. ಮೊದಲನೆಯದು ಡ್ಯೂಟಿ. ಜಗಳ ಜಾಸ್ತಿ ಇರುವುದು ಎರಡನೆಯದರ ಮೇಲೆ.

ಹಿನ್ನೆಲೆ ಗೊತ್ತಿರಲಿ. 1969ರ ಜೂನ್ 28ರಂದು ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಇನ್ ಎಂಬ ಗೇ ಬಾರ್ ಮೇಲೆ ಪೊಲೀಸರು ರೇಡ್ ಮಾಡಿದರು, ಜನ ತಿರುಗಿಬಿದ್ದರು. ಅದರ ನೆನಪಿಗೆ ಮರುವರ್ಷ ಅದೇ ದಿನ ಮೆರವಣಿಗೆ ಹೊರಟಿತು. ಪ್ರೈಡ್ ಶುರುವಾದದ್ದು ಹೀಗೆ. ಆ ರೇಡ್ ತಪ್ಪಾಗಿತ್ತು ಎಂದು ಅಲ್ಲಿನ ಪೊಲೀಸ್ ಕಮಿಷನರ್ ಕ್ಷಮೆ ಕೇಳಿದ್ದು 2019ರಲ್ಲಿ.

ಈಗ ಟೊರಾಂಟೊ. 1981ರ ಫೆಬ್ರವರಿ 5ರ ರಾತ್ರಿ ಗೇ ಪುರುಷರು ಸೇರುತ್ತಿದ್ದ ನಾಲ್ಕು ಸ್ನಾನಗೃಹಗಳಿಗೆ ಪೊಲೀಸರು ನುಗ್ಗಿ ಸುಮಾರು 300 ಜನರನ್ನು ಬಂಧಿಸಿದರು. ಅದಕ್ಕೆ ಪೊಲೀಸ್ ಮುಖ್ಯಸ್ಥರು ವಿಷಾದ ಹೇಳಿದ್ದು 2016ರ ಜೂನ್‌ನಲ್ಲಿ. ಕೆಲವೇ ದಿನಗಳಲ್ಲಿ ಪ್ರೈಡ್ ಬಂತು. ಆ ವರ್ಷದ ಗೌರವ ಅತಿಥಿ, ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಹೋರಾಡುವ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ನ ಟೊರಾಂಟೊ ತಂಡ. ಅತಿಥಿಗಳೇ ನಡುರಸ್ತೆಯಲ್ಲಿ ಕೂತರು! ಮೆರವಣಿಗೆ ಸುಮಾರು ಅರ್ಧ ಗಂಟೆ ನಿಂತಿತು. ಅವರ ಬೇಡಿಕೆಗಳಲ್ಲಿ ಒಂದು: ಮೆರವಣಿಗೆಯಲ್ಲಿ ಪೊಲೀಸರ ವಾಹನ, ಮಳಿಗೆ ಬೇಡ. ಪ್ರೈಡ್ ನಡೆಸುವ ಸಂಘಟನೆಯ ನಿರ್ದೇಶಕರು ಅಲ್ಲೇ ಸಹಿ ಹಾಕಿದರು. ಮರುದಿನ, ಮೆರವಣಿಗೆ ಮುಂದೆ ಸಾಗಲಿ ಅಂತ ಹಾಕಿದೆ ಎಂದರು. ಆದರೆ 2017ರ ಜನವರಿಯಲ್ಲಿ ಸದಸ್ಯರು ಮತ ಹಾಕಿ ಬೇಡಿಕೆಗಳನ್ನು ಒಪ್ಪಿಕೊಂಡೇಬಿಟ್ಟರು.

ಕಥೆ ಗಂಭೀರವಾಗುವುದು ಇಲ್ಲಿಂದ. 2010ರಿಂದಲೇ ನಗರದ ಗೇ ಬಡಾವಣೆಯಿಂದ ಗಂಡಸರು ಕಾಣೆಯಾಗುತ್ತಿದ್ದರು. ಹೆಚ್ಚಿನವರು ದಕ್ಷಿಣ ಏಷ್ಯಾ, ಪಶ್ಚಿಮ ಏಷ್ಯಾ ಮೂಲದವರು. ಯಾರೋ ಒಬ್ಬನೇ ಕೊಲ್ಲುತ್ತಿದ್ದಾನೆ ಎಂಬ ಭಯ ಸಮುದಾಯದಲ್ಲಿತ್ತು. ಸರಣಿ ಹಂತಕ ಇದ್ದಾನೆ ಎನ್ನಲು ಪುರಾವೆ ಇಲ್ಲ ಎಂದು ಪೊಲೀಸ್ ಮುಖ್ಯಸ್ಥರು 2017ರ ಡಿಸೆಂಬರ್‌ನಲ್ಲಿ ಹೇಳಿದರು. ಮರುತಿಂಗಳೇ ಬ್ರೂಸ್ ಮೆಕಾರ್ಥರ್ ಸಿಕ್ಕಿಬಿದ್ದ. ಒಂದು ವರ್ಷದ ನಂತರ ಎಂಟು ಕೊಲೆ ಒಪ್ಪಿಕೊಂಡ.

ಇದರ ನಡುವೆಯೇ, ಪೊಲೀಸರು 2019ರಲ್ಲಿ ಮತ್ತೆ ಬರಬಹುದು ಎಂದು ಸಂಘಟನೆಯ ಆಡಳಿತ ಮಂಡಳಿ ಹೇಳಿತ್ತು. ಸದಸ್ಯರ ಸಭೆಯಲ್ಲಿ ಅದು ಬಿದ್ದುಹೋಯಿತು. ಎಷ್ಟು ಮತದಿಂದ ಗೊತ್ತಾ? ವಿರುದ್ಧ 163, ಪರ 161. ಈ ಅಂಕಿಯನ್ನು ನೆನಪಿಡಿ. ‘ಸಮುದಾಯದ ಅಭಿಪ್ರಾಯ’ ಒಂದೇ ಎಂದು ಸುಮ್ನೆ ಬರೆದುಬಿಟ್ಟರೆ ಆ 161 ಜನ ಎಲ್ಲಿ ಹೋದರು?

ಅವರ ವಾದ ಹಗುರವಾದದ್ದಲ್ಲ. ಪೊಲೀಸರೊಳಗೂ ಗೇ, ಲೆಸ್ಬಿಯನ್ ಅಧಿಕಾರಿಗಳಿದ್ದಾರೆ. ನ್ಯೂಯಾರ್ಕ್‌ನಲ್ಲಿ ಅವರು 1982ರಲ್ಲೇ ಸಂಘ ಕಟ್ಟಿದರು. ಯೂನಿಫಾರ್ಮ್‌ನಲ್ಲಿ ಪ್ರೈಡ್‌ಗೆ ಬರಲು ತಮ್ಮ ಇಲಾಖೆಯ ಜೊತೆಯೇ ಬಡಿದಾಡಿ, 1996ರಲ್ಲಿ ಆ ಹಕ್ಕು ಗಳಿಸಿದರು. 2021ರಲ್ಲಿ ಪ್ರೈಡ್ ಸಂಘಟಕರೇ ಅವರಿಗೆ ಬಾಗಿಲು ಹಾಕಿದರು. ನೋವಾಗದೆ ಇರುತ್ತಾ?

ಸಿಡ್ನಿ 2024ರಲ್ಲಿ ಮಧ್ಯದ ದಾರಿ ಹಿಡಿಯಿತು. ಗೇ ಜೋಡಿಯ ಕೊಲೆ ಆರೋಪದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯೇ ಬಂಧನವಾಗಿದ್ದ. ಬರಬೇಡಿ ಎಂದಿದ್ದ ಮಾರ್ಡಿ ಗ್ರಾ (ಸಿಡ್ನಿಯ ಪ್ರೈಡ್ ಮೆರವಣಿಗೆ) ಸಂಘಟಕರು, ಮಾತುಕತೆಯ ನಂತರ, ಯೂನಿಫಾರ್ಮ್ ಇಲ್ಲದೆ ಬನ್ನಿ ಎಂದರು. ನನಗೆ ಇದು ಸರಿ ಅನ್ನಿಸುತ್ತದೆ. ವ್ಯಕ್ತಿಗೆ ತಡೆಯಿಲ್ಲ, ಇಲಾಖೆಗೆ ಪುಕ್ಕಟೆ ಪ್ರಚಾರವೂ ಇಲ್ಲ.

ಬ್ರಿಟನ್‌ನಲ್ಲಿ ತಕರಾರು ಪೂರ್ತಿ ಬೇರೆ ಕಡೆಯಿಂದ ಬಂತು. ನ್ಯೂಕ್ಯಾಸಲ್ ಪ್ರೈಡ್‌ನಲ್ಲಿ ನಾರ್ಥಂಬ್ರಿಯಾ ಪೊಲೀಸರು ಯೂನಿಫಾರ್ಮ್‌ನಲ್ಲಿ ನಡೆದದ್ದು ನಿಷ್ಪಕ್ಷಪಾತ ಕರ್ತವ್ಯಕ್ಕೆ ವಿರುದ್ಧ ಎಂದು 2025ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಟೊರಾಂಟೊದ ವಾದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಪ್ಯಾರಾದಲ್ಲಿ ತುರುಕಬೇಡಿ.

ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ನಡೆಯುತ್ತಿದೆ. ಇಲ್ಲಿ ಪೊಲೀಸರೆಂದರೆ ಪರ್ಮಿಷನ್ ಮತ್ತು ಬಂದೋಬಸ್ತ್. ಹಿನ್ನೆಲೆಗೆ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಕಲಂ ಓದಿ: ಹಿಜಡಾ ಸಮುದಾಯದವರ ಹೆಸರು, ವಿಳಾಸದ ರಿಜಿಸ್ಟರ್ ಇಡಲು ಅದು ಪೊಲೀಸರಿಗೆ ಅವಕಾಶ ಕೊಟ್ಟಿತ್ತು. ಪ್ರಕರಣ ಹೈಕೋರ್ಟ್‌ಗೆ ಹೋದ ಮೇಲೆ ತಿದ್ದುಪಡಿಯಾಯಿತು.