ಬಸ್ಸು ಕುಶಾಲನಗರ ದಾಟಿರುತ್ತೆ

ಜನವರಿಯ ಕೊನೆಯ ವಾರ. ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡುವ ಗುಮಾಸ್ತರು, ಬೆಂಗಳೂರಿನಲ್ಲಿರುವ ಮಾಲೀಕರಿಗೆ ಕಳಿಸಬೇಕಾದ ವಾರದ ವರದಿಯನ್ನು ಮೊಬೈಲಿನಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದರು. ಒಂದು ಕಾಲದಲ್ಲಿ ಇಂಗ್ಲಿಷ್ ಪಾಠ ಹೇಳಿದವನು ಎಂಬ ತಪ್ಪಿಗೆ ಸುತ್ತಮುತ್ತಲಿನ ಅರ್ಜಿ, ಪತ್ರಗಳೆಲ್ಲ ನನ್ನ ಜಗಲಿ ಹತ್ತಿಯೇ ಮುಂದಕ್ಕೆ ಹೋಗುತ್ತವೆ. ಅದರಲ್ಲಿ ಹೀಗಿತ್ತು: ‘ಬೈ ದ ಟೈಮ್ ದ ರೇನ್ ವಿಲ್ ಕಮ್, ವಿ ವಿಲ್ ಫಿನಿಶ್ ದ ರೋಬಸ್ಟಾ.’

“ಇಲ್ಲಿ ವಿಲ್ ಫಿನಿಶ್ ಸರಿಯಾ ಸಾರ್, ವಿಲ್ ಹ್ಯಾವ್ ಫಿನಿಶ್ಡ್ ಅಂತ ಹಾಕಬೇಕಾ?”

“ಮೊದಲು ಕನ್ನಡದಲ್ಲಿ ಹೇಳಿ, ನೋಡುವ.”

“ಮಳೆ ಬರುವಷ್ಟರಲ್ಲಿ ರೋಬಸ್ಟಾ ಕುಯ್ದು ಮುಗಿಸಿರ್ತೀವಿ.”

ಮುಗಿಸ್ತೀವಿ ಅನ್ನಲಿಲ್ಲ, ಮುಗಿಸಿರ್ತೀವಿ ಅಂದರು. ಅವರ ಪ್ರಶ್ನೆಗೆ ಅವರ ನಾಲಿಗೆಯೇ ಉತ್ತರ ಕೊಟ್ಟಿತ್ತು. ಇಂಗ್ಲಿಷ್ ವ್ಯಾಕರಣ ಫ್ಯೂಚರ್ ಪರ್ಫೆಕ್ಟ್ ಎಂದು ಕರೆಯುವ ‘ವಿಲ್ ಹ್ಯಾವ್ ಫಿನಿಶ್ಡ್’ ಇದೇ.

ತೋಟದವರಿಗೆ ಇದು ಬರೀ ವ್ಯಾಕರಣವಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬಿದ್ದರೆ ವಾರ-ಹತ್ತು ದಿನದಲ್ಲಿ ರೋಬಸ್ಟಾ ಜಾತಿಯ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ. ಆಗಲೂ ಗಿಡದಲ್ಲಿ ಹಣ್ಣು ಉಳಿದಿದ್ದರೆ ಕುಯ್ಯುವ ಕೈಗೆ ಮುಂದಿನ ವರ್ಷದ ಹೂವೂ ಉದುರುತ್ತದೆ. ಕಣದಲ್ಲಿ ಒಣಗಲು ಹರಡಿದ ಚೆರ್ರಿ, ಅಂದರೆ ಕುಯ್ದ ಕಾಫಿ ಹಣ್ಣು, ನೆನೆಯುವುದು ಬೇರೆ. ಮಾಲೀಕರಿಗೆ ಬೇಕಾಗಿರುವುದು ಕುಯ್ಲು ಯಾವತ್ತು ಮುಗಿಯುತ್ತದೆ ಎಂಬ ತಾರೀಕಲ್ಲ. ಮಳೆ ಬಿದ್ದ ದಿನ ತೋಟ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು.

ಈ ಎರಡು ಬೇರೆ ಬೇರೆ ಎಂದು ನಿಚ್ಚಳವಾಗಿ ತೋರಿಸಿದವನು ಹನ್ಸ್ ರೈಖೆನ್‌ಬಾಕ್. ವ್ಯಾಕರಣದ ಮೇಷ್ಟ್ರಲ್ಲ, ವಿಜ್ಞಾನದ ತತ್ವಶಾಸ್ತ್ರಜ್ಞ. 1933ರಲ್ಲಿ ಬರ್ಲಿನ್ನಿನ ಕೆಲಸ ಕಳೆದುಕೊಂಡು ಇಸ್ತಾಂಬುಲ್‌ಗೆ ಹೋಗಿ, 1938ರಲ್ಲಿ ಕ್ಯಾಲಿಫೋರ್ನಿಯಾ ಸೇರಿದ. 1947ರಲ್ಲಿ ಬಂದ ಅವನ ತರ್ಕಶಾಸ್ತ್ರದ ಗ್ರಂಥದಲ್ಲಿ ಕೆಲವೇ ಪುಟಗಳು ಕ್ರಿಯಾಪದದ ಕಾಲದ ಬಗ್ಗೆ ಇವೆ. ಭಾಷಾವಿಜ್ಞಾನಿಗಳು ಇವತ್ತಿಗೂ ಅವನ್ನು ಬಿಟ್ಟಿಲ್ಲ. ಅವನು ಹೇಳಿದ್ದು ಇಷ್ಟು: ಕಾಲವನ್ನು ಅಳೆಯಲು ಎರಡು ಗೂಟ ಸಾಲದು, ಮೂರು ಬೇಕು. ಮಾತಾಡುವ ಗಳಿಗೆ ಒಂದು, ಕೆಲಸ ನಡೆಯುವ ಗಳಿಗೆ ಇನ್ನೊಂದು, ನಾವು ಎಲ್ಲಿ ನಿಂತು ಆ ಕೆಲಸವನ್ನು ನೋಡುತ್ತೇವೋ ಆ ಗಳಿಗೆ ಮೂರನೆಯದು.

‘ವಿಲ್ ಹ್ಯಾವ್ ಫಿನಿಶ್ಡ್’ ಎಂದಾಗ ನೋಡುವ ಗೂಟ ಮುಂದೆ, ಮಳೆಯ ದಿನದಲ್ಲಿದೆ. ಅಲ್ಲಿ ನಿಂತು ಹಿಂದಕ್ಕೆ ತಿರುಗಿದರೆ ಕುಯ್ಲು ಮುಗಿದಿರುವುದು ಕಾಣುತ್ತದೆ. ಮುಗಿದದ್ದು ಯಾವಾಗ? ಅದನ್ನು ಈ ರೂಪ ಹೇಳುವುದೇ ಇಲ್ಲ! ನಾಳೆ ಮುಗಿಯಬಹುದು, ಈಗ ಮಾತಾಡುವಾಗಲೇ ಮುಗಿಯುತ್ತಿರಬಹುದು, ನಿನ್ನೆ ಸಂಜೆಯೇ ಮುಗಿದು ಸುದ್ದಿ ಇನ್ನೂ ರೈಟರಿಗೆ ಮುಟ್ಟದೆ ಇರಬಹುದು. ಮೂರೂ ಸಂದರ್ಭದಲ್ಲಿ ವಾಕ್ಯ ನಿಜವೇ. ಭವಿಷ್ಯತ್ತು ಎಂದು ಹೆಸರಿಟ್ಟುಕೊಂಡ ರೂಪ ಹಿಂದೆ ಆಗಿಹೋದದ್ದಕ್ಕೂ ಸಲ್ಲುತ್ತದೆ ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ನನ್ನನ್ನು ನೋಡುತ್ತಿದ್ದ ರೀತಿ ಈಗಲೂ ನೆನಪಿದೆ.

ಯಾವ ರೂಪ ಹಾಕಬೇಕೆಂಬ ಗೊಂದಲಕ್ಕೆ ನಾನು ಕೊಡುತ್ತಿದ್ದ ಮದ್ದು ಊಟದ್ದು. ನೀವು ಬಂದಾಗ ಊಟ ಮಾಡ್ತೀವಿ, ನೀವು ಬಂದಾಗ ಊಟ ಮಾಡ್ತಾ ಇರ್ತೀವಿ, ನೀವು ಬಂದಾಗ ಊಟ ಮಾಡಿರ್ತೀವಿ. ವಿಲ್ ಈಟ್, ವಿಲ್ ಬಿ ಈಟಿಂಗ್, ವಿಲ್ ಹ್ಯಾವ್ ಈಟನ್. ಮೊದಲನೆಯದರಲ್ಲಿ ನೆಂಟರಿಗೂ ಎಲೆ ಉಂಟು, ಎರಡನೆಯದರಲ್ಲಿ ಅರ್ಧ ಊಟಕ್ಕೆ ಬಂದು ಸೇರಬಹುದು, ಮೂರನೆಯದರಲ್ಲಿ ಕಡಂಬುಟ್ಟು ಎಂಬ ಅಕ್ಕಿ ಉಂಡೆಯ ಪಾತ್ರೆ ತೊಳೆದು ಕವುಚಿ ಆಗಿರುತ್ತದೆ. ಕೊಡಗಿನ ಯಾವ ಮನೆಯಲ್ಲೂ ಮೂರನೆಯದನ್ನು ನೆಂಟರ ಎದುರು ಹೇಳುವುದಿಲ್ಲ, ಆದರೆ ವ್ಯಾಕರಣಕ್ಕೆ ಒಳ್ಳೆಯದು.

ಇಲ್ಲಿಯವರೆಗೆ ಕನ್ನಡವೂ ಇಂಗ್ಲಿಷೂ ಜೋಡೆತ್ತಿನ ಹಾಗೆ ನಡೆಯುತ್ತವೆ. ಇನ್ನೂ ಒಂದು ಕಡೆ ಎರಡೂ ಕೂಡುವುದು ನನಗೆ ಯಾವಾಗಲೂ ಸೋಜಿಗ. ಮಡಿಕೇರಿಯಿಂದ ಮೈಸೂರಿಗೆ ಮಗಳು ಹೊರಟು ಮುಕ್ಕಾಲು ಗಂಟೆ ಕಳೆದಿದೆ. ಅಜ್ಜಿ ಕೇಳುತ್ತಾರೆ, ಎಲ್ಲಿ ಮುಟ್ಟಿದಳು? “ಬಸ್ಸು ಈಗ ಕುಶಾಲನಗರ ದಾಟಿರುತ್ತೆ.” ಇದರಲ್ಲಿ ಭವಿಷ್ಯ ಎಲ್ಲಿದೆ? ಬಸ್ಸು ದಾಟಿದ್ದರೆ ಆಗಲೇ ದಾಟಿಯಾಗಿದೆ. ನಾವು ಕಣ್ಣಿಂದ ನೋಡಿಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇವೆ, ಅಷ್ಟೇ. ಇಂಗ್ಲಿಷಿನವನೂ ಇದನ್ನು ‘ದ ಬಸ್ ವಿಲ್ ಹ್ಯಾವ್ ಕ್ರಾಸ್ಡ್ ಕುಶಾಲನಗರ್ ಬೈ ನೌ’ ಎಂದೇ ಹೇಳುತ್ತಾನೆ. ನಾಳೆಯನ್ನು ಯಾರೂ ಕಂಡಿಲ್ಲ. ಕಾಣದ ನಾಳೆಯ ಬಗ್ಗೆ ಆಡುವ ರೂಪವೇ ಕಾಣದ ಈಗಿನ ಬಗ್ಗೆಯೂ ಆಡಲು ಒದಗುತ್ತದೆ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ಉಪಾಯ ಹೂಡಿವೆ.

ದಾರಿ ಕವಲೊಡೆಯುವುದು ಮೂರನೆಯ ಬಳಕೆಯಲ್ಲಿ. ‘ನಾನು ಹೋದಾಗೆಲ್ಲ ಮೇಸ್ತ್ರಿ ತೋಟಕ್ಕೆ ಇಳಿದಿರ್ತಾರೆ.’ ಇದು ಊಹೆಯಲ್ಲ, ನಾಳೆಯ ಮಾತೂ ಅಲ್ಲ, ದಿನದ ರೂಢಿ. ಕನ್ನಡದಲ್ಲಿ ‘ಬರ್ತೀನಿ’ ದಿನಾ ಬರುವುದಕ್ಕೂ ನಾಳೆ ಬರುವುದಕ್ಕೂ ಆಗುವಂತೆ ‘ಇರ್ತಾರೆ’ಯೂ ಎರಡಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಇಲ್ಲಿ ವಿಲ್ ಬಿಟ್ಟು ‘ಹ್ಯಾಸ್ ಆಲ್ರೆಡಿ ಗಾನ್’ ಎನ್ನುವುದೇ ನೇರ. ನಮ್ಮವರು ಬೇಡದ ಕಡೆಯೆಲ್ಲ ವಿಲ್ ಹ್ಯಾವ್ ಸುರಿಯುವುದು ಬಹುಮಟ್ಟಿಗೆ ಈ ರೂಢಿಯ ‘ಇರ್ತಾರೆ’ಯಿಂದ ಎಂದು ನನ್ನ ಅನುಮಾನ.

ರೈಟರ್ ವಾಕ್ಯದ ಇನ್ನೊಂದು ತಪ್ಪಿಗೂ ಬೇರು ಕನ್ನಡದಲ್ಲೇ ಇದೆ. ‘ಮಳೆ ಬರುವಷ್ಟರಲ್ಲಿ’ ಎಂಬಲ್ಲಿನ ‘ಬರುವ’ ನಮ್ಮ ಕಿವಿಗೆ ಭವಿಷ್ಯತ್ತಾಗಿ ಕೇಳುತ್ತದೆ, ಹಾಗಾಗಿ ಕೈ ತಾನಾಗಿ ವಿಲ್ ಕಮ್ ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಬೈ ದ ಟೈಮ್, ವೆನ್, ಬಿಫೋರ್ ಮೊದಲಾದವು ಗೂಟ ನೆಡುವ ಉಪವಾಕ್ಯಗಳು. ಅಲ್ಲಿ ಬರೀ ವರ್ತಮಾನ ಸಾಕು, ‘ದ ರೇನ್ ಕಮ್ಸ್’. ಇದನ್ನು ಇಂಗ್ಲಿಷಿನ ಹುಚ್ಚಾಟ ಎಂದು ನಗುವವರು ನಮ್ಮ ‘ನಾಳೆ ಮಳೆ ಬಂದರೆ’ಯನ್ನು ಒಮ್ಮೆ ಬಿಡಿಸಿ ನೋಡಬೇಕು. ನಾಳೆಯ ಮಳೆಗೆ ‘ಬಂದ’ ಎಂಬ ಭೂತಕಾಲದ ಬುಡ!

‘ಟಿಲ್ ಈವ್ನಿಂಗ್ ಐ ವಿಲ್ ಹ್ಯಾವ್ ಫಿನಿಶ್ಡ್’ ಎಂಬುದೂ ಆಗಾಗ ಬರುತ್ತದೆ. ಸಂಜೆವರೆಗೆ ಬೇರೆ, ಸಂಜೆಯೊಳಗೆ ಬೇರೆ. ಒಳಗೆ ಎಂದಾದರೆ ಬೈ. ವಿಲ್ ಆದ ಮೇಲೆ ಯಾರೇ ಇರಲಿ ಹ್ಯಾವ್ ಮಾತ್ರ, ಹ್ಯಾಸ್ ಬರದು. ಅದರ ಮುಂದೆ ಗಾನ್, ವೆಂಟ್ ಅಲ್ಲ. ಇದು ಬಾಯಿಪಾಠದ ವಿಷಯ, ಯೋಚಿಸುವಂಥದ್ದೇನೂ ಇಲ್ಲ.

ಯೋಚಿಸಬೇಕಾದದ್ದು ಆ ಹ್ಯಾವ್ ಬಗ್ಗೆ. ವಿಲ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಬಯಸು ಎಂದರ್ಥ, ಹ್ಯಾವ್ ಎಂದರೆ ಹೊಂದಿರು. ಭವಿಷ್ಯಕ್ಕೆಂದೇ ಬೇರೆ ಪ್ರತ್ಯಯವಿಲ್ಲದ ಭಾಷೆ ಈ ಎರಡನ್ನು ಕಟ್ಟಿ ತನಗೊಂದು ರೂಪ ಮಾಡಿಕೊಂಡಿತು: ಮುಗಿಸಿದ ಕೆಲಸವನ್ನು ಒಡೆತನದಲ್ಲಿ ಇಟ್ಟುಕೊಳ್ಳುವುದು. ಕನ್ನಡದಲ್ಲಿ ಹೊಂದುವುದಕ್ಕೆ ದಿನಬಳಕೆಯ ಕ್ರಿಯಾಪದವೇ ಇಲ್ಲ. ನನ್ನ ಹತ್ತಿರ ತೋಟ ಇದೆ, ನನಗೆ ಇಬ್ಬರು ಮಕ್ಕಳಿದ್ದಾರೆ. ಎಲ್ಲ ‘ಇರು’ವಿನದೇ ಕೆಲಸ. ಹಾಗಾಗಿ ನಮ್ಮಲ್ಲಿ ಮುಗಿಸಿ ‘ಇರ್ತೀವಿ’.

ಇಷ್ಟು ಹೇಳಿ ವರದಿಯನ್ನು ತಿದ್ದಿ ಕೊಟ್ಟೆ. ಬೈ ದ ಟೈಮ್ ದ ರೇನ್ ಕಮ್ಸ್, ವಿ ವಿಲ್ ಹ್ಯಾವ್ ಫಿನಿಶ್ಡ್. ರೈಟರ್ ಮೊಬೈಲು ಜೇಬಿಗಿಟ್ಟು ಎದ್ದವರು ಮತ್ತೆ ಕೂತರು.

“ಇನ್ನೊಂದು ಸಾರ್. ಬರುವ ಜೂನಿಗೆ ನಾನು ಈ ತೋಟಕ್ಕೆ ಬಂದು 22 ವರ್ಷ ಆಗುತ್ತೆ. ಅದನ್ನೂ ಒಂದು ಸಾಲು ಸೇರಿಸಬೇಕು. ಸಂಬಳದ ವಿಷಯ.”

ಈ ವಾಕ್ಯ ಹಾಗೇ ದಾಟುವುದಿಲ್ಲ. ಕನ್ನಡದಲ್ಲಿ ವರ್ಷಗಳು ತಮ್ಮಷ್ಟಕ್ಕೆ ಆಗುತ್ತವೆ, ಮನುಷ್ಯ ಒಮ್ಮೆ ಬಂದಿದ್ದಾನೆ ಅಷ್ಟೇ. ಇಂಗ್ಲಿಷಿನಲ್ಲಿ ಮನುಷ್ಯನನ್ನೇ ಕರ್ತೃವಾಗಿ ನಿಲ್ಲಿಸಿ, ಅಷ್ಟೂ ವರ್ಷ ಬಿಡದೆ ದುಡಿಸಬೇಕು: ‘ಬೈ ನೆಕ್ಸ್ಟ್ ಜೂನ್ ಐ ವಿಲ್ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ 22 ಇಯರ್ಸ್.’ ಅವರು ಅದನ್ನು ನಿಧಾನಕ್ಕೆ ಎರಡು ಸಲ ಓದಿದರು.

“ವರ್ಕಿಂಗ್ ಅಂತ ಇದೆಯಲ್ಲ, ಒಳ್ಳೆಯದು. ಇದನ್ನೇ ಕಳಿಸ್ತೀನಿ.”